ಹವಾಲ್ದಾರರ ದುರ್ಬೀನು ಮತ್ತು ನಲವತ್ತು ರೂಪಾಯಿಯ ತೆಂಗಿನಕಾಯಿ

ಹಳೆಯ ಮಿಲಿಟರಿ ರೈಫಲ್ ಒಂದರ ಮೇಲೆ ದುರ್ಬೀನು ಕೂರಿಸಲು ಒಟ್ಟು ಹದಿನೇಳು ಸಾವಿರದ ಏಳುನೂರ ತೊಂಬತ್ತು ರೂಪಾಯಿ ಖರ್ಚಾಯಿತು. ಅದರಲ್ಲಿ ಹನ್ನೊಂದು ಸಾವಿರ ಒಳ್ಳೆಯ ದುರ್ಬೀನಿಗೆ. ಮೂರು ಸಾವಿರದ ಎಂಟುನೂರು ಕೆಟ್ಟ ದುರ್ಬೀನಿಗೆ. ಎರಡು ಸಾವಿರ ಮುದಗಲ್ಲಿನ ಉಸ್ತಾದರ ಕೈಕೂಲಿ. ಆರುನೂರ ಐವತ್ತು ಉಕ್ಕು ಮತ್ತು ತಿರುಪುಗಳಿಗೆ. ಮುನ್ನೂರು ಹವಾಲ್ದಾರರ ಹುಬ್ಬಿನ ಹೊಲಿಗೆಗೆ. ಉಳಿದ ನಲವತ್ತು ರೂಪಾಯಿ ಒಂದು ತೆಂಗಿನಕಾಯಿಗೆ. ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಆ ತೆಂಗಿನಕಾಯಿ. ಯಾಕೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಿಂಧನೂರಿನಲ್ಲಿ ನನ್ನದೊಂದು ಲೇಥ್ ಅಂಗಡಿ. ಭತ್ತದ ಹಾರ್ವೆಸ್ಟರುಗಳ ಶಾಫ್ಟು, ಪಂಪಿನ ಬುಶ್ಶು, ರೈಸ್ ಮಿಲ್ಲಿನ ಪುಲ್ಲಿ, ಇದೇ ನನ್ನ ಅನ್ನ. ಬಂದೂಕಿನ ಕೆಲಸ ನನ್ನದಲ್ಲ, ಅದಕ್ಕೆ ಬೇರೆ ಪರವಾನಗಿ ಬೇಕು. ಆದರೆ ಗುರುಗುಂಟಾದ ಹವಾಲ್ದಾರರು ನನ್ನ ಹಳೆಯ ಗಿರಾಕಿ. ಸೇನೆಯಿಂದ ನಿವೃತ್ತರಾದ ಮೇಲೆ ಸೇನೆಯೇ ಬಳಸಿ ಬಿಟ್ಟ ಒಂದು ಬೋಲ್ಟ್ ರೈಫಲ್ಲನ್ನು ಕಾಗದಪತ್ರ ಸಮೇತ ಕೊಂಡವರು. ಅದಕ್ಕೆ ಅವರಷ್ಟೇ ವಯಸ್ಸು, ಅವರಿಗಿಂತ ಒಳ್ಳೆಯ ಹಲ್ಲು.

ಒಂದು ಮಧ್ಯಾಹ್ನ ಬಂದವರು ಪಂಪಿನ ಮಾತೇ ಎತ್ತದೆ ಸ್ಟೂಲಿನ ಮೇಲೆ ಕೂತರು.

"ಮಿಸ್ತ್ರಿ, ಮನ್ಯಾಗ ಮರ್ಯಾದಿ ಹೋಗೇತಿ."

"ಏನಾತ್ರಿ?"

"ಐದು ಗುಂಡು ಹೊಡದೆ. ನನ್ನ ಕಾಗದದಾಗ ಒಂದೂ ಇಲ್ಲ. ಬಾಜೂಕ ಹೊಡೆಯಾವ ಐದು ಹೊಡದಾನ, ಅವನ ಕಾಗದದಾಗ ಆರು ತೂತು."

ಲಿಂಗಸುಗೂರಿನ ಆಚೆ ಗುಡ್ಡದ ಬೆನ್ನಿಗೆ ಒಂದು ಫೈರಿಂಗ್ ಮೈದಾನವಿದೆ. ಪರವಾನಗಿ ಇದ್ದವರು ಅನುಮತಿ ಪಡೆದು ಆಗಾಗ ಅಲ್ಲಿ ಸೇರಿ ಗುರಿ ಅಭ್ಯಾಸ ಮಾಡುತ್ತಾರೆ. ಅಲ್ಲಿ ನಡೆದದ್ದಿದು. ಆರನೆಯ ತೂತಿನ ಸುದ್ದಿ ಹವಾಲ್ದಾರರಿಗಿಂತ ಮೊದಲೇ ಬಸ್ಸಿನಲ್ಲಿ ಗುರುಗುಂಟಾ ಮುಟ್ಟಿತ್ತು. ಅವರ ಹೆಂಡತಿ ಬಾಗಿಲಲ್ಲೇ ನಿಂತು ಪರವಾನಗಿಯ ಪುಸ್ತಕ ಇಸಿದುಕೊಂಡು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರಂತೆ. ಅವರ ತೀರ್ಪು ಹೀಗಿತ್ತು: ಪರವಾನಗಿ ನವೀಕರಣಕ್ಕೆ ಮೊದಲು ಇನ್ನು ಮೂರು ಅಭ್ಯಾಸದ ದಿನಗಳಿವೆ. ಅಷ್ಟರೊಳಗೆ ಒಂದು ಸಲವಾದರೂ ಐದಕ್ಕೆ ಐದು ಗುಂಡು ಒಂದು ಜೋಳದ ರೊಟ್ಟಿಯ ಅಗಲದೊಳಗೆ ಬೀಳಬೇಕು. ಬೀಳದಿದ್ದರೆ ನವೀಕರಣವಿಲ್ಲ, ರೈಫಲ್ ಠಾಣೆಗೆ ಒಪ್ಪಿಸುವುದು. ಗುರಿಯ ಕಾಗದದ ಮೇಲೆ ರೊಟ್ಟಿ ಇಟ್ಟು ಪೆನ್ನಿನಿಂದ ಸುತ್ತ ಗೆರೆಯನ್ನೂ ಅವರೇ ಎಳೆದು ಕೊಟ್ಟಿದ್ದರು, ಮೂರು ಹಾಳೆ.

"ಕಣ್ಣು ಆಪರೇಷನ್ ಆತಲ್ರಿ, ಈಗ ಕಾಣಂಗಿಲ್ಲೇನು?" ಎಂದೆ.

"ದೂರದ್ದು ಝಗಮಗ ಕಾಣತೈತಿ. ಗುಡ್ಡದ ಮ್ಯಾಲಿನ ಆಡು ಗಂಡೋ ಹೆಣ್ಣೋ ಹೇಳತೀನಿ. ಬಂದೂಕಿನ ಮುಳ್ಳು ಮಾತ್ರ ಮಂಜು ಮಂಜು."

ರೋಗ ತಿಳಿಯಿತು. ಬಂದೂಕಿನ ಹಿಂದೊಂದು ಕಿಂಡಿ, ಮೂತಿಯ ಮೇಲೊಂದು ಮುಳ್ಳು, ಆಚೆ ಗುರಿ. ಮೂರನ್ನೂ ಒಂದೇ ಕಣ್ಣು ಒಂದೇ ಸಲಕ್ಕೆ ಹಿಡಿಯಬೇಕು. ಮುದಿಗಣ್ಣಿಗೆ ಅದು ಆಗದು. ದುರ್ಬೀನಿನಲ್ಲಾದರೆ ಅಡ್ಡಗೆರೆಯೂ ಗುರಿಯೂ ಒಂದೇ ಪರದೆಯ ಮೇಲೆ ಬರೆದಂತೆ ಕಾಣುತ್ತವೆ. ಕಣ್ಣು ಓಡಾಡುವ ಕೆಲಸವಿಲ್ಲ.

"ದುರ್ಬೀನು ಕೂಡಸೂಣು," ಎಂದೆ. "ನನ್ನ ಕೂಲಿ ಒಂದು ಚೀಲ ತೊಗರಿಬೇಳೆ. ಗುರಿ ಬಿದ್ದರ ಕೊಡ್ರಿ, ಬೀಳಲಿಲ್ಲಾ ಅಂದ್ರ ಬ್ಯಾಡ." ಗುರುಗುಂಟಾದ ತೊಗರಿಯ ರುಚಿ ನಮ್ಮ ಕಾಲುವೆ ನೀರಿನ ಸೀಮೆಯಲ್ಲಿ ಸಿಗುವುದಿಲ್ಲ. ನಾನೇನೂ ಪುಕ್ಕಟೆ ಮಾತಾಡುವವನಲ್ಲ.

ಮುದಗಲ್ಲಿನಲ್ಲಿ ಬಂದೂಕು ರಿಪೇರಿಯ ಪರವಾನಗಿ ಇರುವ ಒಬ್ಬ ಉಸ್ತಾದರಿದ್ದಾರೆ. ಅಲ್ಲಿಗೆ ಹೋದೆವು. ರೈಫಲ್ಲು ಖಾಲಿ, ಉದ್ದನೆಯ ಬಟ್ಟೆಯ ಚೀಲದಲ್ಲಿ, ಹವಾಲ್ದಾರರ ತೊಡೆಯ ಮೇಲೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಚೀಲ ಮುಟ್ಟಿ ನೋಡಿ, "ಎಲ್ಲಿ ಭಜನಾ ಐತ್ರಿ?" ಎಂದು ಕೇಳಿದಳು. ಹವಾಲ್ದಾರರು, "ಮುದಗಲ್‌ದಾಗ," ಎಂದರು. ಸುಳ್ಳು ಹೇಳಿದರೂ ಸೈನಿಕರ ಗಾಂಭೀರ್ಯ ಹಾಗೇ ಇರುತ್ತದೆ.

ಆ ಕಾಲದ ರೈಫಲ್ ಮಾಡಿದವರಿಗೆ ಮುಂದೊಂದು ದಿನ ಅದರ ಮೇಲೆ ಯಾರೋ ದುರ್ಬೀನು ಕೂರಿಸುತ್ತಾರೆ ಎಂಬ ಕಲ್ಪನೆ ಇರಲಿಲ್ಲ. ಬೋಲ್ಟು ಓಡಾಡುವ ಉಕ್ಕಿನ ಮನೆಯ ನೆತ್ತಿ ಒಂದೆಡೆ ಗುಂಡಗೆ, ಒಂದೆಡೆ ಇಳಿಜಾರು. ನಡುವೆ ಗುಂಡಿನ ಪಟ್ಟಿ ತುಂಬಲೆಂದು ಸೇತುವೆಯಂತೆ ಅಡ್ಡ ಬಾಗಿದ ಒಂದು ಉಕ್ಕಿನ ಕಮಾನು. ಸಪಾಟಾದ ಜಾಗ ಬೆರಳಗಲವೂ ಇಲ್ಲ. ನಾನು ಲೇಥಿನವನು, ನನಗೆ ಎಲ್ಲ ಪ್ರಶ್ನೆಗೂ ತೂತೇ ಉತ್ತರ.

"ಮ್ಯಾಲ ನಾಲ್ಕು ತೂತು ಹಾಕಿ ಥ್ರೆಡ್ ತಗದ್ರ ಅರ್ಧ ತಾಸಿನ ಕೆಲಸ," ಎಂದೆ.

ಉಸ್ತಾದರು ಕಬ್ಬಿಣ ಉಜ್ಜುವ ಒಂದು ಹೊಸ ಫೈಲು ತಂದು ಆ ಉಕ್ಕಿನ ಮೂಲೆಗೆ ಒಮ್ಮೆ ಎಳೆದರು. ಗಾಜಿನ ಮೇಲೆ ಎಳೆದಂತೆ ಫೈಲು ಕಿರ್ರೆಂದು ಜಾರಿತು. ಗೀರು ಸಹ ಬೀಳಲಿಲ್ಲ.

"ಡ್ರಿಲ್ ಬಿಟ್ ಎಷ್ಟು ತಂದೀರಿ ಭಾಯಿ? ಒಂದು ಗೋಣಿಚೀಲ ತಂದೀರೇನು?" ಎಂದರು. "ಮತ್ತ ಕೇಳ್ರಿ, ಗುಂಡು ಸಿಡಿಯೋ ಹೊತ್ತಿನ್ಯಾಗ ಇದೇ ಮನಿ ಎಲ್ಲಾ ಜೋರು ತಡಕೊಳ್ಳೋದು. ಇದಕ್ಕ ತೂತು ಹಾಕೋ ಕೆಲಸ ನನ್ನ ಅಂಗಡ್ಯಾಗ ಬಿಲ್ಕುಲ್ ಇಲ್ಲ. ಇರೋ ತೂತಿನ್ಯಾಗ ಏನು ಮಾಡತೀರಿ ಹೇಳ್ರಿ."

ಇರುವ ತೂತು ಒಂದೇ. ಹಿಂದಿನ ಕಿಂಡಿಯನ್ನು ಹಿಡಿದಿಟ್ಟ ಪಿನ್ನಿನದು. ಅದನ್ನು ನೋಡುತ್ತ ಕೂತಾಗ ದಾರಿ ಹೊಳೆಯಿತು. ಕಿಂಡಿ ಬಿಚ್ಚಿ, ಅದೇ ಪಿನ್ನಿನ ಜಾಗಕ್ಕೆ ಬ್ರಾಕೆಟ್ಟಿನ ಹಿಂದಿನ ಕಾಲು ಕೂರಿಸುವುದು. ಮುಂದಿನ ಕಾಲು ಆ ಸೇತುವೆಯ ಎರಡೂ ಮಗ್ಗುಲನ್ನು ಇಕ್ಕಳದಂತೆ ಕಚ್ಚಿ ಹಿಡಿಯುವುದು. ಬಂದೂಕಿಗೆ ಹೊಸ ಗಾಯವಿಲ್ಲ. ಬೇಡವೆಂದಾಗ ಬಿಚ್ಚಿದರೆ ಮೊದಲಿನಂತೆಯೇ. ಉಸ್ತಾದರು ತಲೆಯಾಡಿಸಿದರು. ಬ್ರಾಕೆಟ್ ಮಾಡುವುದು ನಾನು, ಬಂದೂಕಿಗೆ ಕೂರಿಸುವುದು ಅವರು ಎಂದು ಒಪ್ಪಂದವಾಯಿತು.

ರೈಫಲ್ಲನ್ನು ನನ್ನ ಅಂಗಡಿಯಲ್ಲಿ ಬಿಟ್ಟುಹೋಗುವಂತಿಲ್ಲ. ಹಾಗಾದರೆ ಅಳತೆ? ಉಸ್ತಾದರ ಬಚ್ಚಲಿನ ಬಟ್ಟೆ ಸಾಬೂನನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಸೇತುವೆಯ ಮೇಲೆ ಒತ್ತಿ ಅಚ್ಚು ತೆಗೆದೆ. ವರ್ನಿಯರ್ ಹಿಡಿದು ಉಳಿದ ಅಳತೆ ಬರೆದುಕೊಂಡೆ. ಕೆಲಸ ಮುಗಿದ ಮೇಲೆ ಸಾಬೂನು ಹಿಂದಿರುಗಿಸಿದೆ, ಅದಕ್ಕೇ ಅದು ಮೇಲಿನ ಲೆಕ್ಕದಲ್ಲಿಲ್ಲ. ಮುರಿದ ಹಾರ್ವೆಸ್ಟರ್ ಶಾಫ್ಟಿನ ತುಂಡಿನಲ್ಲಿ ಬ್ರಾಕೆಟ್ ಕಡೆದೆ. ಕೂಡುವ ಜಾಗಕ್ಕೆ ಬಟ್ಟೆಯ ನೀಲಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಮುದಗಲ್ಲಿಗೆ ಒಯ್ದು ಬಂದೂಕಿನ ಮೇಲೆ ಇಟ್ಟು ತೆಗೆಯುವುದು. ನೀಲಿ ಎಲ್ಲಿ ಅಳಿಸಿದೆಯೋ ಅಲ್ಲಿ ಉಬ್ಬು, ಅಷ್ಟನ್ನೇ ಉಜ್ಜುವುದು. ನಾಲ್ಕು ಸಲ ಹೋಗಿ ಬಂದೆ. ನಾಲ್ಕನೆಯ ಸಲ ಬ್ರಾಕೆಟ್ಟು ಟಕ್ಕೆಂದು ಕೂತಿತು. ಉಸ್ತಾದರು ಕೈಯಲ್ಲಿ ಅಲುಗಿಸಿ ನೋಡಿ ಒಂದು ಚಹಾ ತರಿಸಿದರು. ಅವರು ಹೊಗಳುವುದು ಹಾಗೆ.

ಇಲ್ಲಿಯವರೆಗೆ ಎಲ್ಲ ಸರಿ. ಕೆಟ್ಟದ್ದು ನನ್ನ ಚೌಕಾಸಿಯಿಂದ. ಒಬ್ಬ ವ್ಯಾಪಾರಿ ಐದೂವರೆ ಸಾವಿರ ಹೇಳಿದ ದುರ್ಬೀನನ್ನು ಮೂರು ಸಾವಿರದ ಎಂಟುನೂರಕ್ಕೆ ಇಳಿಸಿ ತಂದೆ. ಎರಡು ದಿನ ಅದೇ ಖುಷಿಯಲ್ಲಿದ್ದೆ. ಅದು ಛರ್ರಾ ಬಂದೂಕಿನ, ಅಂದರೆ ಜಾತ್ರೆಯಲ್ಲಿ ಬಲೂನು ಹೊಡೆಯುವ ಗಾಳಿ ಬಂದೂಕಿನ ದುರ್ಬೀನು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಛರ್ರಾ ಬಂದೂಕು ಕೆಮ್ಮುತ್ತದೆ, ರೈಫಲ್ಲು ಒದೆಯುತ್ತದೆ. ವ್ಯತ್ಯಾಸ ದೊಡ್ಡದು.

ಮೊದಲ ಅಭ್ಯಾಸದ ದಿನ ಹವಾಲ್ದಾರರು ಹೊಟ್ಟೆಯ ಮೇಲೆ ಮಲಗಿ, ಹಳೆಯ ಅಭ್ಯಾಸದಂತೆ ಕಣ್ಣನ್ನು ತೀರ ಹತ್ತಿರ ತಂದು ಹೊಡೆದರು. ದುರ್ಬೀನಿನ ಅಂಚು ಹಿಂದಕ್ಕೆ ಬಂದು ಹುಬ್ಬಿನ ಮೇಲೆ ಅಚ್ಚುಕಟ್ಟಾದ ಅರ್ಧಚಂದ್ರ ಕೊರೆಯಿತು. ಕರವಸ್ತ್ರ ಒತ್ತಿಕೊಂಡು ಇನ್ನೆರಡು ಹೊಡೆದರು. ಸೈನಿಕ. ಆಮೇಲೆ ನನ್ನನ್ನು ಕರೆದು, "ಮಿಸ್ತ್ರಿ, ಇದರಾಗಿನ ಗೆರಿ ಮೊದಲು ಕೂಡಿಸೋ ಚಿಹ್ನೆ ಇತ್ತು, ಈಗ ಗುಣಿಸೋ ಚಿಹ್ನೆ ಆಗೇತಿ," ಎಂದರು. ನೋಡಿದೆ. ಒಳಗಿನ ಅಡ್ಡಗೆರೆ ಪೂರ್ತಿ ಓರೆ ತಿರುಗಿ ನಿಂತಿತ್ತು. ಅಲುಗಿಸಿದರೆ ಒಳಗೆ ಗಿಲಕಿಯ ಸದ್ದು.

ಲಿಂಗಸುಗೂರಿನಲ್ಲಿ ಮೂರು ಹೊಲಿಗೆ ಹಾಕಿಸಿ ಮನೆಗೆ ಮುಟ್ಟಿಸಿದೆ. ಅವರ ಹೆಂಡತಿ ಹುಬ್ಬು ನೋಡಿದರು, ನನ್ನನ್ನು ನೋಡಿದರು.

"ದಿನಾ ವಿಭೂತಿ ಹಚ್ಚತಿದ್ರು. ಇವತ್ತು ಚಂದ್ರನೂ ಮೂಡ್ಯಾನ. ಇನ್ನ ಒಂದು ಹಾವು ತಂದು ಕೊರಳಿಗೆ ಹಾಕಿಬಿಡು ತಮ್ಮಾ, ಪೂರಾ ಆಗತೈತಿ."

ಅಭ್ಯಾಸದ ದಿನಕ್ಕೆಂದು ಹೊರಬಂದಿದ್ದ ಪರವಾನಗಿ ಪುಸ್ತಕ ಮತ್ತೆ ಟ್ರಂಕಿಗೆ ಹೋಯಿತು.

ಎರಡನೆಯ ದುರ್ಬೀನಿಗೆ ನಾನು ಬೆಲೆ ಕೇಳುವ ಮೊದಲು ಬೇರೆ ಎರಡು ಪ್ರಶ್ನೆ ಕೇಳಿದೆ. ರೈಫಲ್ಲಿನ ಒದೆ ತಡೆಯುತ್ತದೆಯೇ? ಕಣ್ಣು ನಾಲ್ಕು ಬೆರಳು ದೂರ ಇಟ್ಟರೂ ಪೂರ್ತಿ ಕಾಣುತ್ತದೆಯೇ? ಎರಡಕ್ಕೂ ಹೌದು ಎಂದವನಿಂದ ಬಿಲ್ಲಿನ ಮೇಲೆ ಬರೆಸಿಕೊಂಡೆ. ಆಮೇಲೆ ಹದಿನಾಲ್ಕನ್ನು ಹನ್ನೊಂದಕ್ಕೆ ಇಳಿಸಿದೆ. ಕೆಟ್ಟ ದುರ್ಬೀನಿನ ಅರ್ಧ ಹಣ ನಾನೇ ಹಾಕಿದೆ. ನಾಲಿಗೆ ನನ್ನದಿತ್ತಲ್ಲ.

ದುರ್ಬೀನನ್ನು ಬ್ರಾಕೆಟ್ಟಿಗೆ ಹಿಡಿದಿಡುವುದು ಎರಡು ಉಂಗುರಗಳು. ಉಸ್ತಾದರು ಅವನ್ನು ಬಳಿ ಎನ್ನುತ್ತಾರೆ. ಕೆಳಗಿನ ಅರ್ಧ, ಮೇಲಿನ ಅರ್ಧ, ಪ್ರತಿ ಬಳೆಗೆ ನಾಲ್ಕು ತಿರುಪು. ಆ ವಾರ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂಗಡಿ ಇಟ್ಟವರು ಅಮಾವಾಸ್ಯೆಗೆ ಯಂತ್ರ, ತಕ್ಕಡಿ, ಗಾಡಿ ಎಲ್ಲಕ್ಕೂ ಪೂಜೆ ಮಾಡುತ್ತಾರೆ. ನಾನೂ ಲೇಥಿಗೆ ಮಾಡಿದೆ. ಪಕ್ಕದಲ್ಲೇ ದುರ್ಬೀನು, ಬ್ರಾಕೆಟ್ಟು, ಬಿಚ್ಚಿಟ್ಟ ಬಳೆಗಳನ್ನೂ ಇಟ್ಟೆ. ವಿಭೂತಿ, ಕುಂಕುಮ, ಹೂವು. ಮೊದಲ ದುರ್ಬೀನಿಗೆ ಪೂಜೆ ಮಾಡದ್ದಕ್ಕೇ ಹಾಗಾಯಿತೇನೋ ಎಂಬ ಅಳುಕಿನಿಂದ ಕಾಯಿ ಒಡೆದು ನೀರನ್ನು ಧಾರಾಳವಾಗಿ ಚಿಮುಕಿಸಿದೆ. ಕಾಯಿನೀರಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ಅದು ಲೇಥಿನವನಿಗೆ ಗೊತ್ತು. ಅದಕ್ಕೇ ಯಂತ್ರದ ಎಣ್ಣೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿದೆ. ಒರೆಸಿ, ದುರ್ಬೀನನ್ನು ಬಳೆಯಲ್ಲಿ ಕೂರಿಸಿ, ನಾನೇ ಬಿಗಿದು ಮುದಗಲ್ಲಿಗೆ ಒಯ್ದೆ.

"ಬಳಿ ಒಳಗ ಒರೆಸೀರಲ್ಲ?" ಎಂದು ಉಸ್ತಾದರು ಕೇಳಿದರು.

"ಚೊಲೋತ್ನಂಗ ಒರೆಸೀನಿ," ಎಂದೆ. ಅಕ್ಷರಶಃ ನಿಜ.

ಅವರು ಬಳೆ ಬಿಚ್ಚದೆ ಬ್ರಾಕೆಟ್ಟನ್ನು ಬಂದೂಕಿಗೆ ಕೂರಿಸಿದರು. ಬೋಲ್ಟು ಹೊರತೆಗೆದು, ಬಂದೂಕನ್ನು ಮರಳಿನ ಚೀಲಗಳ ಮೇಲೆ ಅಲುಗದಂತೆ ಇಟ್ಟು, ನಳಿಗೆಯೊಳಗಿಂದ ಇಣುಕಿ ಹಿತ್ತಲ ಗೋಡೆಯ ಸುಣ್ಣದ ಚುಕ್ಕೆಯನ್ನು ನಡುವಿಗೆ ತಂದರು. ಆಮೇಲೆ ದುರ್ಬೀನಿನ ಮೇಲಿನ ಗುಂಡಿ ತಿರುಗಿಸುತ್ತ ಅಡ್ಡಗೆರೆಯನ್ನೂ ಅದೇ ಚುಕ್ಕೆಗೆ ತಂದರು. ನಳಿಗೆಯ ದೃಷ್ಟಿ, ದುರ್ಬೀನಿನ ದೃಷ್ಟಿ ಎರಡೂ ಒಂದಾದವು.

ಎರಡನೆಯ ಅಭ್ಯಾಸದ ದಿನ ಮೊದಲ ಗುಂಡು ರೊಟ್ಟಿಯ ನಟ್ಟನಡುವೆ ಬಿತ್ತು. ನನಗೆ ತೊಗರಿಬೇಳೆಯ ವಾಸನೆಯೇ ಬಂತು. ಎರಡನೆಯದು ನಾಲ್ಕು ಬೆರಳು ಎಡಕ್ಕೆ. ಮೂರನೆಯದು ಗೇಣು ಮೇಲೆ, ರೊಟ್ಟಿಯ ಹೊರಗೆ. ನಾಲ್ಕನೆಯದು ಕಾಗದದ ಮೂಲೆ ಹರಿಯಿತು. ಐದನೆಯದು ಯಾರಿಗೂ ಸಿಗಲಿಲ್ಲ.

ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಜಗಳ ನೋಡಲು ಹತ್ತು ಜನ ನಿಂತಿದ್ದರು.

"ಉಸಿರು ಬಿಗಿ ಹಿಡಿದಿಲ್ಲ ನೀವು!" ಎಂದೆ.

"ಏ ಮಿಸ್ತ್ರಿ, ನಾ ಉಸಿರು ಹಿಡಿಯೋದು ಕಲಿತಾಗ ನೀ ಇನ್ನಾ ಚಡ್ಡಿ ಹಿಡಕೊಂಡು ಅಡ್ಡಾಡತಿದ್ದಿ! ನಿನ್ನ ಹಾರ್ವೆಸ್ಟರ್ ಕಬ್ಬಿಣ ಅಳ್ಳಾಡತೈತಿ."

"ನನ್ನ ಬ್ರಾಕೆಟ್ಟು ಅಳ್ಳಾಡಂಗಿಲ್ಲ. ದಿನಾ ಎಣ್ಣಿ ಹಚ್ಚಿ ಹಚ್ಚಿ ನೀವ ಹಾಳ ಮಾಡೀರಿ!"

ಅವರು ಹುಬ್ಬಿನ ಹೊಲಿಗೆಯ ಗುರುತು ಮುಟ್ಟಿಕೊಂಡರು. "ಇರ್ಲಿ ಬಿಡು. ಕಬ್ಬಿಣದ್ದಲ್ಲ ತಪ್ಪು, ನಂದ. ನಾಳೆ ಸ್ಟೇಷನ್ನಿಗೆ ಒಪ್ಪಿಸಿಬಿಡತೀನಿ," ಎಂದು ಗುರುಗುಂಟಾದ ಬಸ್ಸು ಹತ್ತಿದರು. ಚೀಲವನ್ನು ಮಗುವಿನಂತೆ ಎದೆಗೆ ಒರಗಿಸಿಕೊಂಡು ಕಿಟಕಿಗೆ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಸಿಂಧನೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಳಿದು ಮಿರ್ಚಿ ಭಜಿ ತಗೊಂಡೆ. ಎರಡು ತಿಂದು ಚಹಾದ ಲೋಟ ಎತ್ತಿದೆ. ಬೆರಳಿಗೆಲ್ಲ ಎಣ್ಣೆ. ಬಿಗಿಯಾಗಿ ಹಿಡಿದಷ್ಟೂ ಲೋಟ ಜಾರಿತು, ಜಾರಿ ಪ್ಯಾಂಟಿನ ಮೇಲೆ ಬಿತ್ತು.

"ಒರೆಸಿಕೊಂಡು ಹಿಡೀಬೇಕ್ರಿ ಯಜಮಾನ್ರ," ಎಂದ ಹೋಟೆಲಿನವನು.

ತೊಡೆ ಸುಡುತ್ತಿತ್ತು. ನಾನು ಮಾತ್ರ ಕಲ್ಲಿನಂತೆ ನಿಂತಿದ್ದೆ. ಎಣ್ಣೆ ಹಚ್ಚಿದ್ದು ಹವಾಲ್ದಾರರಲ್ಲ. ನಾನು. ಬಳೆಯ ಒಳಗೆ. ಬಳೆಯ ನಯವಾದ ಉಕ್ಕು, ದುರ್ಬೀನಿನ ನಯವಾದ ಮೈ, ನಡುವೆ ಎಣ್ಣೆ. ತಿರುಪು ಎಷ್ಟೇ ಬಿಗಿದರೂ ಪ್ರತಿ ಒದೆತಕ್ಕೂ ದುರ್ಬೀನು ಕೂದಲೆಳೆಯಷ್ಟು ಜಾರಿದೆ. ಇಲ್ಲಿ ಕೂದಲೆಳೆ ಎಂದರೆ ನೂರು ಮೀಟರಿನಾಚೆ ಒಂದು ಗೇಣು.

ಅಲ್ಲೇ ನಿಂತು ಫೋನು ಹಚ್ಚಿದೆ. ಎತ್ತಿದ್ದು ಅವರ ಹೆಂಡತಿ.

"ಅವರು ಮಾತಾಡಂಗಿಲ್ಲ ತಮ್ಮಾ. ಬಂದಾಗಿಂದ ಬಂದೂಕು ಒರೆಸಿಕೊಂತ ಕುಂತಾರ. ರೊಟ್ಟಿ ಹಂಗ ಐತಿ."

"ಅಕ್ಕಾರ, ತಪ್ಪು ಅವರದಲ್ರಿ, ನಂದು. ನಾಳೆ ಸ್ಟೇಷನ್ನಿಗೆ ಬ್ಯಾಡ, ಮುದಗಲ್ಲಿಗೆ ಕಳಸ್ರಿ."

"ನಾ ಮೂರು ಸಲ ಅಂದೀನಿ. ಮೂರಾಗಲಿ," ಎಂದು ಫೋನಿಟ್ಟರು.

ಮರುದಿನ ಉಸ್ತಾದರು ಬಳೆ ಬಿಚ್ಚಿದರು. ಬಿಚ್ಚಿದವರು ಮೂಗಿನ ಹತ್ತಿರ ಹಿಡಿದು, ಕನ್ನಡಕ ಏರಿಸಿ ನೋಡಿದರು. ಒಳಗೆ ಎಣ್ಣೆಯ ಪದರ, ಅದರಲ್ಲಿ ಕಲಸಿದ ಕೆಂಪು ಕುಂಕುಮ, ಹುಳಿ ಬಂದ ಕಾಯಿನೀರಿನ ವಾಸನೆ. ದುರ್ಬೀನಿನ ಮೈಮೇಲೆ ಬಳೆ ಜಾರಿದ ಗುರುತು, ಅಕ್ಕಿಕಾಳಿನಷ್ಟು ಉದ್ದ, ಪಳಪಳ.

"ಇದರಾಗ ಯಾರ್ರಿ ಹೋಳಗಿ ಮಾಡ್ಯಾರ?"

ಹವಾಲ್ದಾರರು ನನ್ನನ್ನೇ ನೋಡುತ್ತಿದ್ದರು. ಬಾಯಿಬಿಟ್ಟು ಎಲ್ಲ ಹೇಳಿದೆ, ಅಮಾವಾಸ್ಯೆಯಿಂದ ಭಜಿಯವರೆಗೆ. ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹವಾಲ್ದಾರರು ನಗಲಿಲ್ಲ. "ಅಂದ್ರ ನನ್ನ ಕಣ್ಣು ಸುದ್ದ ಐತಿ," ಎಂದರು, ಮೆಲ್ಲಗೆ. ಇನ್ನೊಮ್ಮೆ ಹೇಳಿದರು, ಸ್ವಲ್ಪ ಜೋರಾಗಿ. ಆಮೇಲೆ ಎದ್ದು ಬಂದು ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದರು. ಕ್ಷಮೆಯೋ ಶಿಕ್ಷೆಯೋ ಇವತ್ತಿಗೂ ಗೊತ್ತಿಲ್ಲ, ನೋವಂತೂ ಮೂರು ದಿನ ಇತ್ತು.

ಉಸ್ತಾದರು ಬಳೆ, ತಿರುಪುಗಳನ್ನು ಪೆಟ್ರೋಲಿನಲ್ಲಿ ತೊಳೆದು, ದುರ್ಬೀನಿನ ಮೈಯನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ ಒಣಗಿಸಿದರು. ಕಿರಾಣಿ ಅಂಗಡಿಯ ರಾಳವನ್ನು ನುಣ್ಣಗೆ ಅರೆದು ಬಳೆಯ ಒಳಮೈಗೆ ಚಿಟಿಕೆಯಷ್ಟು ಉದುರಿಸಿದರು. ಒದೆತ ಬಿದ್ದಷ್ಟೂ ರಾಳ ಅಂಟಿಕೊಂಡು ಹಿಡಿಯುತ್ತದೆ. ತಿರುಪುಗಳನ್ನು ಒಂದೇ ಮಗ್ಗುಲಿಂದಲ್ಲ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದರು. ಕೊನೆಗೆ ಮಗಳ ಉಗುರುಬಣ್ಣ ತಂದು ಪ್ರತಿ ತಿರುಪಿನ ತಲೆಯಿಂದ ಬಳೆಯವರೆಗೆ ಒಂದೊಂದು ಗೆರೆ ಎಳೆದರು. ತಿರುಪು ಅಲುಗಿದರೆ ಗೆರೆ ಮುರಿದು ಚಾಡಿ ಹೇಳುತ್ತದೆ.

"ಪೂಜಿ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ," ಎಂದರು ನನಗೆ. "ನಾ ಬಿಗಿದ ಮ್ಯಾಲ ಮಾಡ್ರಿ."

ಮೂರನೆಯ ಅಭ್ಯಾಸದ ದಿನ. ಮೊದಲು ಬೇರೊಂದು ಕಾಗದಕ್ಕೆ ಎರಡು ಗುಂಡು ಹೊಡೆದು ಅಡ್ಡಗೆರೆ ತಿದ್ದಿಕೊಂಡರು. ಆಮೇಲೆ ಕೊನೆಯ ರೊಟ್ಟಿಯ ಕಾಗದ ಹಚ್ಚಿಸಿದರು. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ತೂತುಗಳನ್ನು ಒಂದು ಚಹಾದ ಬಸಿಯಿಂದ ಮುಚ್ಚಬಹುದಿತ್ತು. ಹವಾಲ್ದಾರರು ಐದನೆಯದಕ್ಕೆ ಉಸಿರು ಹಿಡಿದ ಹೊತ್ತಿಗೆ ಹಿಂದೆ ನಿಂತಿದ್ದವನೊಬ್ಬ ತಡೆಯಲಾರದೆ, "ಶಭಾಷ್ ಹವಾಲ್ದಾರ್ ಸಾಹೇಬ್ರ!" ಎಂದು ಕೂಗಿದ. ಗುಂಡು ಹೋಗಿಯೇಬಿಟ್ಟಿತು. ಕೂಗಿದವನು ಯಾರೆಂದು ಕೇಳುವವರಿಗೆ ಹೇಳುತ್ತೇನೆ, ನಾನೇ.

ಐದನೆಯದು ಪೆನ್ನಿನ ಗೆರೆಯ ಮೇಲೆ ಬಿದ್ದಿತ್ತು. ಅರ್ಧ ಒಳಗೆ, ಅರ್ಧ ಹೊರಗೆ.

ಕಾಗದ ಸುತ್ತಿಕೊಂಡು ಇಬ್ಬರೂ ಗುರುಗುಂಟಾದ ಬಸ್ಸು ಹತ್ತಿದೆವು. ಮನೆಯಲ್ಲಿ ಅವರ ಹೆಂಡತಿ ಕಾಗದವನ್ನು ನೆಲದ ಮೇಲೆ ಹಾಸಿ, ಒಲೆಯ ಪಕ್ಕದ ಬುಟ್ಟಿಯಿಂದ ಒಂದು ರೊಟ್ಟಿ ತಂದು ಗೆರೆಗೆ ಸರಿಯಾಗಿ ಇಟ್ಟರು. ನಾಲ್ಕು ತೂತು ರೊಟ್ಟಿಯ ಕೆಳಗೆ ಮುಚ್ಚಿಹೋದವು. ಐದನೆಯದರ ಅರ್ಧ ಅಂಚಿನಿಂದ ಇಣುಕುತ್ತಿತ್ತು. ಅವರು ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಹವಾಲ್ದಾರರು ಅಟೆನ್ಷನ್‌ನಲ್ಲಿ ನಿಂತಿದ್ದರು. ಬೇಕೆಂದು ನಿಂತದ್ದಲ್ಲ, ಮೈ ತಾನಾಗಿ ನಿಂತಿತ್ತು.

"ಅಂಚಿಗೆ ಬಿದ್ದೈತಿ," ಎಂದರು ಆಕೆ.

"ಹೌದು," ಎಂದರು ಹವಾಲ್ದಾರರು.

"ನಲವತ್ತು ವರ್ಷ ಆತು ರೊಟ್ಟಿ ಬಡಿಯಾಕತ್ತು. ಒಂದು ದಿನಾರ ಅಂಚು ಬಿಟ್ಟು ತಿಂದೀರೇನು ನೀವು?"

"ಇಲ್ಲ."

"ಮತ್ತ ಅಂಚೂ ರೊಟ್ಟಿನ."

ಸೆರಗಿನ ಗಂಟಿನಿಂದ ಕೀಲಿ ಬಿಚ್ಚಿ ಟ್ರಂಕಿನ ಕಡೆ ನಡೆದರು. ಹವಾಲ್ದಾರರು ಬಗ್ಗಿ ಆ ರೊಟ್ಟಿ ಎತ್ತಿಕೊಂಡು, ಅಂಚಿನಿಂದಲೇ ಮುರಿದು ತಿನ್ನತೊಡಗಿದರು. ನನ್ನ ಚೀಲ ತೊಗರಿಬೇಳೆ ಬಾಗಿಲ ಹಿಂದೆ ಮೊದಲೇ ಕಟ್ಟಿ ನಿಂತಿತ್ತು.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನನ್ನ ಮಾತು ಇಷ್ಟು. ಪರವಾನಗಿ ಇದ್ದವರ ಬಂದೂಕು, ಪರವಾನಗಿ ಇದ್ದವರ ಕೈ, ಅನುಮತಿ ಇರುವ ಮೈದಾನ, ಈ ಮೂರಕ್ಕೆ ಚೌಕಾಸಿ ಬೇಡ. ಹಳೆಯ ಉಕ್ಕಿಗೆ ತೂತು ಹಾಕುವ ಮೊದಲು ಅದರಲ್ಲಿರುವ ತೂತು ನೋಡಿ. ದುರ್ಬೀನಿನ ಬೆಲೆಗಿಂತ ಮೊದಲು ಅದು ಎಷ್ಟು ಒದೆ ತಿನ್ನುತ್ತದೆ ಎಂದು ಕೇಳಿ. ಕಣ್ಣು ನಾಲ್ಕು ಬೆರಳು ದೂರವಿಡಿ, ಹುಬ್ಬು ಉಳಿಯುತ್ತದೆ. ಬಳೆಯ ಒಳಗೆ ಎಣ್ಣೆ ಸೋಕಿಸಬೇಡಿ. ಒರೆಸಿದಿರಾ ಎಂದು ಯಾರಾದರೂ ಕೇಳಿದರೆ, ಯಾವ ಬಟ್ಟೆಯಿಂದ ಎನ್ನುವುದನ್ನೂ ಹೇಳಿ. ಗುರಿ ಇಟ್ಟವರ ಹಿಂದೆ ನಿಂತಾಗ ಬಾಯಿ ಮುಚ್ಚಿಕೊಂಡಿರಿ. ಇನ್ನು ತೆಂಗಿನಕಾಯಿ. ಧಾರಾಳವಾಗಿ ಒಡೆಯಿರಿ, ಆದರೆ ಕೊನೆಯ ತಿರುಪು ಬಿಗಿದಾದ ಮೇಲೆ, ಮತ್ತು ನೀರನ್ನು ನೀವೇ ಕುಡಿದುಬಿಡಿ.